ಚಾಪೆ ಬಿಟ್ಟೆದ್ದವಳು

ಆಯಾ ಕೆಲಸಕ್ಕೆ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಸೊಂಟ ಬಗ್ಗಬೇಕು, ಹೇಸಿಗೆ ಪಡಬಾರದು, ಬಾಯಿ ಮುಚ್ಚಿಕೊಂಡಿರಬೇಕು. ಇಷ್ಟಿದ್ದರೆ ಸಾಕು, ನಾಳೆಯಿಂದಲೇ ಬಾ ಅನ್ನುತ್ತಾರೆ. ಶಾಂತಲಾಗೆ ಈ ಮೂರೂ ಇದ್ದವು. ಜೊತೆಗೆ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ ಪಿಯುಸಿ ಬೇರೆ ಇತ್ತು. ಅದನ್ನು ಕಟ್ಟಿಕೊಂಡು ಯಾರಿಗೇನಾಗಬೇಕಿತ್ತು ಹೇಳಿ? ಜೆ.ಪಿ. ನಗರದ ಆ ಮಾಂಟೆಸರಿ ಶಾಲೆಯಲ್ಲಿ ಅವಳು ಏಳು ವರ್ಷದಿಂದ ಮೂಗು ಒರೆಸುತ್ತ, ಚಡ್ಡಿ ಬದಲಿಸುತ್ತ, ಚೆಲ್ಲಿದ ಮೊಸರನ್ನ ಬಳಿಯುತ್ತ ಇದ್ದಳು.

ಶಾಲೆಯೆಂದರೆ ದೊಡ್ಡ ಕಟ್ಟಡವೇನಲ್ಲ. ಯಾರೋ ರಿಟೈರಾದ ಇಂಜಿನಿಯರು ಕಟ್ಟಿಸಿದ ಎರಡಂತಸ್ತಿನ ಮನೆ, ಕಾಂಪೌಂಡಿಗೆ ಆನೆ ಮೊಲದ ಚಿತ್ರ ಬರೆಸಿ ಶಾಲೆ ಮಾಡಿಕೊಂಡಿದ್ದರು. ಕೆಳಗೆ ನಾಲ್ಕು ವರ್ಷದೊಳಗಿನ ಚಿಕ್ಕವರು, ಮೇಲೆ ಆರರವರೆಗಿನ ದೊಡ್ಡವರು. ಮೇಲಿನ ಆಯಾ ಶಾಂತಲಾ, ಕೆಳಗಿನ ಆಯಾ ರುದ್ರಮ್ಮ. ಈ ರುದ್ರಮ್ಮ ಶಾಂತಲಾಳ ಗಂಡ ರವಿಕುಮಾರನ ಸೋದರತ್ತೆ. ರುದ್ರಮ್ಮನ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಸುದ್ದಗುಂಟೆಪಾಳ್ಯದಲ್ಲಿ ಇವರ ಮನೆಯ ಹಿಂದಿನ ಬೀದಿಯಲ್ಲೇ ಒಂದು ರೂಮು ಮಾಡಿಕೊಂಡು ಒಬ್ಬಳೇ ಇದ್ದಳು. ಅಣ್ಣನ ಮಗನ ಮನೆಗೆ ಬಂದಿರು ಎಂದು ಎಷ್ಟು ಸಲ ಕರೆದರೂ, ಕೈಕಾಲು ಆಡೋವರೆಗೂ ನನ್ನ ಅನ್ನ ನಾನು ತಿಂತೀನಿ ಅಂದುಬಿಡುತ್ತಿದ್ದಳು. ಶಾಂತಲಾಳನ್ನು ಈ ಶಾಲೆಗೆ ಕೈಹಿಡಿದು ಕರೆತಂದವಳೂ ಅವಳೇ.

ಹಾಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಎರಡು ವರ್ಷದ ಹಿಂದೆ ಒಂದು ದಿನ ಮಹಡಿ ಮೇಲಿನ ಕಲ್ಯಾಣಿ ಮಿಸ್ ಜ್ವರ ಬಂದು ರಜೆ ಹಾಕಿದರು. ಇಪ್ಪತ್ತೆರಡು ಮಕ್ಕಳು ಕೂಗಾಡಿ ಮನೆ ಕಿತ್ತುಹಾಕುತ್ತಿದ್ದವು. ಶಾಂತಲಾ ಕಪಾಟಿನಿಂದ ಒಂದು ಕಥೆ ಪುಸ್ತಕ ತೆಗೆದು, ನೆಲದ ಮೇಲೆ ಕೂತು ಓದತೊಡಗಿದಳು. ಐದೇ ನಿಮಿಷದಲ್ಲಿ ಇಪ್ಪತ್ತೆರಡೂ ಅವಳ ಸುತ್ತ ಕೂತವು, ಎರಡು ಅವಳ ತೊಡೆಯ ಮೇಲೇ ಕೂತವು. ಅಷ್ಟು ಹೊತ್ತಿಗೆ ಫೀಸು ಕಟ್ಟಲು ಬಂದಿದ್ದ ಯಾವುದೋ ಮಗುವಿನ ತಾಯಿ ಬಾಗಿಲಲ್ಲಿ ನಿಂತು, "ಕ್ಲಾಸ್ ತಗೋತಿರೋದು ಆಯಾನಾ?" ಅಂದಳು. ಶಾಲೆಯ ಒಡತಿ ಶ್ರೀದೇವಿ ಮೇಡಂ ಕೆಳಗಿನಿಂದ ಓಡಿ ಬಂದರು. ಬಂದವರು ಒಂದು ಮಾತೂ ಆಡಲಿಲ್ಲ, ಶಾಂತಲಾಳ ಕೈಯಿಂದ ಪುಸ್ತಕ ತೆಗೆದುಕೊಂಡರು. ಅಷ್ಟೇ. ಬೈದಿದ್ದರೆ ಅವಳು ಮರೆತುಬಿಡುತ್ತಿದ್ದಳೋ ಏನೋ. ಮಕ್ಕಳೆಲ್ಲ ನೋಡುತ್ತಿರುವಾಗ ಹಾಗೆ ಪುಸ್ತಕ ಕಿತ್ತುಕೊಂಡದ್ದು ಮಾತ್ರ ಅವಳ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅವತ್ತೇ ತೀರ್ಮಾನ ಮಾಡಿದಳು, ನಾನು ಮಿಸ್ ಆಗಬೇಕು. ದೊಡ್ಡ ಮಿಸ್ ಅಲ್ಲದಿದ್ದರೆ ಬೇಡ, ಅಸಿಸ್ಟೆಂಟೇ ಸರಿ. ಪುಸ್ತಕ ಹಿಡಿದು ಕೂತರೆ ಯಾರೂ ಕಿತ್ತುಕೊಳ್ಳಬಾರದು.

ಜಯನಗರದಲ್ಲಿ ಒಂದು ಮೆಡಿಕಲ್ ಸ್ಟೋರಿನ ಮಹಡಿ ಮೇಲೆ ಮಾಂಟೆಸರಿ ಅಸಿಸ್ಟೆಂಟ್ ಟೀಚರುಗಳ ಸರ್ಟಿಫಿಕೇಟ್ ಕೋರ್ಸು ನಡೆಯುತ್ತಿತ್ತು. ಹತ್ತು ತಿಂಗಳು, ವಾರಕ್ಕೆ ಮೂರು ಮಧ್ಯಾಹ್ನ. ಶಾಂತಲಾ ಧೈರ್ಯ ಮಾಡಿ ಹೋಗಿ ಕೇಳಿದಾಗ ಶ್ರೀದೇವಿ ಮೇಡಂ ನಕ್ಕರು. ಕೆಟ್ಟ ನಗೆಯೇನಲ್ಲ, ಅವರು ಎಲ್ಲದಕ್ಕೂ ನಗುತ್ತಾರೆ.

"ಓದು, ಬೇಡ ಅಂದೋರ್ಯಾರು? ಪಾಸ್ ಆದ್ರೆ ಇಲ್ಲೇ ಅಸಿಸ್ಟೆಂಟ್ ಮಾಡ್ಕೋತೀನಿ. ಆದ್ರೆ ಆ ಮೂರು ಮಧ್ಯಾಹ್ನ ಮೇಲ್ಗಡೆ ಕೆಲ್ಸ ಯಾರು ನೋಡ್ತಾರೆ?"

ರುದ್ರಮ್ಮ ಅಲ್ಲೇ ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದಳು. ತಲೆ ಎತ್ತದೆ, "ನಾನ್ ನೋಡ್ಕೋತೀನಿ ಬಿಡಿ ಮೇಡಂ," ಅಂದಳು.

ಆ ಮನೆಯ ಮೆಟ್ಟಿಲು ಹದಿನೆಂಟು. ರುದ್ರಮ್ಮನಿಗೆ ವಯಸ್ಸು ಐವತ್ತೆಂಟು, ಎರಡೂ ಮಂಡಿ ಸವೆದಿದ್ದವು. ಹತ್ತು ತಿಂಗಳು ವಾರಕ್ಕೆ ಮೂರು ದಿನ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಅವಳು ಹತ್ತಿಳಿದಳು. ಮೇಲೆ ಒಂದು ಮಗು ವಾಂತಿ ಮಾಡಿಕೊಂಡ ಹೊತ್ತಿಗೇ ಕೆಳಗೆ ಇನ್ನೊಂದು ಅಳುತ್ತಿತ್ತು. ಸಂಜೆ ಶಾಂತಲಾ ಮಂಡಿಗೆ ಎಣ್ಣೆ ತಿಕ್ಕಲು ಹೋದರೆ, "ನೀನ್ ಹೋಗಿ ಓದ್ಕೊ, ನನ್ ಮಂಡಿ ಎಲ್ಲೂ ಓಡ್ಹೋಗಲ್ಲ," ಎಂದು ಕೈ ತಳ್ಳುತ್ತಿದ್ದಳು. ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, ನಮ್ಮ ಹುಡುಗಿ ಟೀಚರ್ ಆಗ್ತಾಳೆ ಎಂದು ಹೇಳಿಕೊಂಡು ಬಂದಿದ್ದಳು. ಆಗ್ತಾಳೆ ಅಂತಲ್ಲ, ಆಗಿದಾಳೆ ಅನ್ನುವ ಹಾಗೇ ಹೇಳುತ್ತಿದ್ದಳು.

ಕೋರ್ಸಿನಲ್ಲಿ ಒಟ್ಟು ಹನ್ನೊಂದು ಜನ. ಮಿಕ್ಕ ಹತ್ತೂ ಜನ ಜಯನಗರ, ಬನಶಂಕರಿಯ ಅನುಕೂಲಸ್ಥ ಮನೆಗಳವರು, ಮಕ್ಕಳು ಸ್ಕೂಲಿಗೆ ಹೋದಮೇಲೆ ಹೊತ್ತು ಹೋಗದೆ ಬಂದವರು. ಒಳ್ಳೆಯವರೇ, ಡಬ್ಬಿ ತೆಗೆದರೆ ಶಾಂತಲಾಗೂ ಚಕ್ಕುಲಿ ಕೊಡುತ್ತಿದ್ದರು. ಅಲ್ಲಿ ಕಲಿಸುವುದೇ ಬೇರೆ ಥರ. ಪ್ರತಿ ಪಾಠಕ್ಕೂ ಒಂದು ಪುಟ್ಟ ಚಾಪೆ ಹಾಸಬೇಕು. ಚಾಪೆಯೆಂದರೆ ಆ ಮಗುವಿನ ಜಾಗ, ಅಲ್ಲಿಗೆ ಬೇರೆ ಯಾರೂ ಕಾಲಿಡಬಾರದು. ಮಗುವಿನ ಬಲಕ್ಕೆ ಕೂರಬೇಕು, ಮಾತು ಕಮ್ಮಿ ಆಡಬೇಕು, ಕೈಯಲ್ಲಿ ನಿಧಾನವಾಗಿ ಮಾಡಿ ತೋರಿಸಬೇಕು. ಪಾಠ ಶುರುವಾದಮೇಲೆ ಮುಗಿಯುವವರೆಗೂ ಟೀಚರು ಚಾಪೆ ಬಿಟ್ಟು ಏಳಕೂಡದು. ಎದ್ದರೆ ಮಗುವಿನ ಗಮನ ಒಡೆಯುತ್ತದೆ, ಪರೀಕ್ಷೆಯಲ್ಲಾದರೆ ಆ ಪಾಠ ಅಲ್ಲಿಗೇ ಮುಗಿದ ಲೆಕ್ಕ.

ಒಂದು ಮಧ್ಯಾಹ್ನ ಅಲ್ಲಿನ ಟೀಚರು ನೋಟ್ಸು ಹೇಳಿ ಬರೆಸುತ್ತ, "ಪಾಠದ ನಡುವೆ ಮಗುವಿಗೆ ಬಾತ್‌ರೂಮಿಗೆ ಅವಸರವಾದರೆ ಆಯಾಳನ್ನು ಕರೆಯತಕ್ಕದ್ದು," ಅಂದರು.

"ಆಯಾ ಇಲ್ದಿದ್ರೆ ಮೇಡಂ?" ಅಂತ ಯಾರೋ ಕೇಳಿದರು.

"ಆಯಾ ಇದ್ದೇ ಇರ್ತಾರಲ್ಲ."

ಶಾಂತಲಾ ಅದನ್ನೂ ದುಂಡಗೆ ಬರೆದುಕೊಂಡಳು. ಕಿವಿ ಬಿಸಿಯಾಯಿತು, ಆದರೂ ತಲೆ ಎತ್ತಲಿಲ್ಲ.

ಮನೆಯಲ್ಲಿ ಪಾಠ ಅಭ್ಯಾಸ ಮಾಡಲು ಮಗುವಾಗಿ ಕೂರುತ್ತಿದ್ದವನು ರವಿಕುಮಾರ. ಅಪಾರ್ಟ್‌ಮೆಂಟುಗಳ ಲಿಫ್ಟ್ ರಿಪೇರಿ ಮಾಡುವ ಆಳು, ಆರಡಿ ಎತ್ತರ. ಮೊಣಕಾಲು ಮಡಚಿಕೊಂಡು ಚಾಪೆಯ ಮೇಲೆ ಕೂತು, "ಮಿಸ್, ಇವ್ನು ನನ್ ಪೆನ್ಸಿಲ್ ಕಿತ್ಕೊಂಡ," ಎಂದು ಟಿವಿಯ ಕಡೆ ಕೈ ತೋರಿಸುತ್ತಿದ್ದ. ಬೆಲ್ಟಿನಿಂದ ಬಾರಿಸುತ್ತೇನೆ ಎಂದು ಇವಳು ಗದರಿಸಿದರೆ, ಮಾಂಟೆಸರಿಯಲ್ಲಿ ಹೊಡೆಯಂಗಿಲ್ಲ ಅಂದುಬಿಡುತ್ತಿದ್ದ. ಹೀಗೆ ನಗಾಡಿಕೊಂಡೇ ಅವಳು ನೂರಾ ಹನ್ನೆರಡು ಪಾಠ ಬಾಯಿಪಾಠ ಮಾಡಿದಳು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಮಾರ್ಚಿನ ಒಂದು ಶನಿವಾರ ಬಂತು. ಎಲ್ಲಿ ಅಂತೀರಿ? ಶ್ರೀದೇವಿ ಮೇಡಂ ಅವರ ಶಾಲೆಯಲ್ಲೇ, ಕೆಳಗಿನ ಹಾಲಿನಲ್ಲೇ. ಕೋರ್ಸಿನವರಿಗೆ ಪರೀಕ್ಷೆಗೆ ಮಕ್ಕಳು ಬೇಕು, ಸಾಮಾನು ಬೇಕು. ಮೇಡಂಗೆ ನಮ್ಮಲ್ಲಿ ಪರೀಕ್ಷೆ ನಡೆಯುತ್ತದೆ ಎಂದು ಹೇಳಿಕೊಳ್ಳುವುದು ಬೇಕು. ಏಳು ವರ್ಷ ತಾನು ಸವೆಸಿದ ನೆಲದ ಮೇಲೆ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ಎದೆಗೆ ಪರೀಕ್ಷಾ ನಂಬರಿನ ಚೀಟಿ ಅಂಟಿಸಿಕೊಂಡು ಶಾಂತಲಾ ಬಂದು ನಿಂತಳು. ಅವತ್ತು ಆಯಾ ಡ್ಯೂಟಿ ರುದ್ರಮ್ಮನದು. ಅವಳು ಹಾದುಹೋಗುವಾಗ ಸೊಸೆಯ ಸೀರೆಯ ನೆರಿಗೆ ಸರಿಮಾಡಿ, "ಹೆದರ್ಬೇಡ, ಹಿಂದ್ಗಡೆ ನಾನಿದೀನಿ," ಅಂದಳು.

ಪರೀಕ್ಷಕರು ಹನುಮಂತನಗರದ ಅನ್ನಪೂರ್ಣ ಮೇಡಂ. ಎಪ್ಪತ್ತು ದಾಟಿದವರು, ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡಿದರೆ ಎಂಥವರಿಗೂ ಮಾತು ತೊದಲಬೇಕು. ಚೀಟಿ ಎತ್ತಿಸಿದರು. ಶಾಂತಲಾಗೆ ಬಂದದ್ದು ಗುಂಡಿ ಹಾಕುವ ಪಾಠ. ಮರದ ಚೌಕಟ್ಟಿಗೆ ಎರಡು ತುಂಡು ಬಟ್ಟೆ ಬಿಗಿದಿರುತ್ತದೆ, ನಡುವೆ ಐದು ದೊಡ್ಡ ಗುಂಡಿ. ಮಗುವಿಗೆ ಅದನ್ನು ಬಿಚ್ಚಿ ಹಾಕುವುದನ್ನು ತೋರಿಸಬೇಕು. ಅವಳ ಪಾಲಿಗೆ ಕೂರಿಸಿದ ಮಗು ಮೈತ್ರೇಯಿ, ಮೂರೂವರೆ ವರ್ಷದ್ದು. ಹಾಲಿನಲ್ಲಿ ಒಟ್ಟಿಗೇ ಐದು ಚಾಪೆ ಹಾಸಿದ್ದರು, ಐದು ಜನ ಐದು ಪಾಠ ಮಾಡುತ್ತಿದ್ದರು. ಬಾಗಿಲ ಹತ್ತಿರ ಶ್ರೀದೇವಿ ಮೇಡಂ ಕುರ್ಚಿ ಹಾಕಿಕೊಂಡು ಕೂತಿದ್ದರು.

ಶಾಂತಲಾ ಐದೂ ಗುಂಡಿ ಬಿಚ್ಚಿ ತೋರಿಸಿದಳು, ಹಾಕಿ ತೋರಿಸಿದಳು. ಈಗ ಮೈತ್ರೇಯಿಯ ಸರದಿ. ಮಗು ನಾಲಗೆ ಹೊರಗೆ ಹಾಕಿಕೊಂಡು ಒಂದು ಗುಂಡಿ ಹಾಕಿತು, ಎರಡು ಹಾಕಿತು. ಮೂರನೆಯದಕ್ಕೆ ಕೈ ಇಟ್ಟದ್ದು ಹಾಗೇ ನಿಂತುಬಿಟ್ಟಿತು. ಎರಡೂ ಮೊಣಕಾಲು ಹತ್ತಿರ ಬಂದವು. ಟೀಚರುಗಳಿಗೆ ಅದು ಕಾಣಿಸುವುದಿಲ್ಲ; ಏಳು ವರ್ಷ ಆ ಕೆಲಸ ಮಾಡಿದವಳಿಗೆ ಕಾಣಿಸದೆ ಇರುವುದಿಲ್ಲ.

ನೋಟ್ಸಿನಲ್ಲಿ ಬರೆದುಕೊಂಡಿದ್ದ ಹಾಗೇ ಮಾಡಿದಳು ಪುಣ್ಯಾತ್ಗಿತ್ತಿ. ಹಿತ್ತಲ ಬಾಗಿಲ ಕಡೆ ತಿರುಗಿ ಮೆತ್ತಗೆ, "ಆಯಮ್ಮಾ," ಎಂದು ಕರೆದಳು. ಆ ಶಬ್ದ ತನ್ನ ಬಾಯಿಂದ ಬಂದದ್ದು ಅವಳಿಗೇ ಹೇಗೋ ಆಯಿತು. ಯಾರೂ ಬರಲಿಲ್ಲ. ಇನ್ನೊಮ್ಮೆ ಕರೆದಳು. ಯಾರೂ ಇಲ್ಲ. ಶ್ರೀದೇವಿ ಮೇಡಂ ಕಡೆ ನೋಡಿದಳು. ಅವರು, ಪಾಠ ಮುಂದುವರಿಸು ಅನ್ನುವಂತೆ ಕೈಯಾಡಿಸಿದರು. ಹತ್ತು ನಿಮಿಷದ ಹಿಂದೆ ಪರೀಕ್ಷಕರಿಗೆ ಬಿಸಿಬೇಳೆಬಾತು, ಕಾಫಿ ತರಲು ಅವರೇ ರುದ್ರಮ್ಮನನ್ನು ಮೂರು ಬೀದಿ ಆಚೆಯ ದರ್ಶಿನಿಗೆ ಅಟ್ಟಿದ್ದರು. ಮಿಕ್ಕ ನಾಲ್ವರೂ ತಲೆ ತಗ್ಗಿಸಿಕೊಂಡು ತಮ್ಮ ತಮ್ಮ ಚಾಪೆ ನೋಡುತ್ತಿದ್ದರು. ಅವರದೂ ತಪ್ಪಲ್ಲ, ಅವರಿಗೂ ಪರೀಕ್ಷೆ.

ಎದ್ದರೆ ಹತ್ತು ತಿಂಗಳು ನೀರಿಗೆ ಹೋಯಿತು. ಅತ್ತೆಯ ಮಂಡಿ, ಗಂಡನ ಆಟ, ನೂರಾ ಹನ್ನೆರಡು ಪಾಠ, ಎಲ್ಲ ಹೋಯಿತು. ಕೂತರೆ ಕೂತಿರಬಹುದು, ರೂಲ್ ಅವಳ ಕಡೆಗೇ ಇತ್ತು. ಅಷ್ಟರಲ್ಲಿ ಮಗುವಿನ ಫ್ರಾಕಿನ ಕೆಳಗೆ ಚಾಪೆ ಒದ್ದೆಯಾಗತೊಡಗಿತು. ಮೈತ್ರೇಯಿ ಕೂಗಲಿಲ್ಲ, ಮುಖ ಕೆಂಪು ಮಾಡಿಕೊಂಡು ಸದ್ದಿಲ್ಲದೆ ಅಳತೊಡಗಿತು, ಪಕ್ಕದ ಚಾಪೆಯ ಹುಡುಗ ನೋಡುತ್ತಿದ್ದಾನೋ ಏನೋ ಎಂದು ಕಣ್ಣಂಚಿನಲ್ಲೇ ನೋಡುತ್ತ. ಅಷ್ಟು ಸಣ್ಣ ಜೀವಕ್ಕೂ ನಾಚಿಕೆ ಇರುತ್ತದೆ, ನಾವು ದೊಡ್ಡವರು ಮರೆತಿರುತ್ತೇವೆ.

ಶಾಂತಲಾ ಎದ್ದಳು. ಮಗುವನ್ನು ಎತ್ತಿಕೊಂಡು ಬಾತ್‌ರೂಮಿಗೆ ಹೋದಳು, ತೊಳೆದಳು, ಗೂಡಿನಲ್ಲಿದ್ದ ಅದರದೇ ಇನ್ನೊಂದು ಚಡ್ಡಿ ಹಾಕಿದಳು. ವಾಪಸು ಬಂದು ಒದ್ದೆ ಚಾಪೆ ಸುತ್ತಿದಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲ ಒರೆಸಿದಳು, ಕೈ ತೊಳೆದುಕೊಂಡಳು. ಆಮೇಲೆ ಒಂದು ಹೊಸ ಚಾಪೆ ತಂದು ಮಗುವಿನ ಕೈಯಲ್ಲೇ ಹಾಸಿಸಿ, ಚೌಕಟ್ಟನ್ನು ಮುಂದಿಟ್ಟು, "ಮಾಡ್ತೀಯಾ ಪುಟ್ಟಿ?" ಎಂದು ಕೇಳಿದಳು. ಮೈತ್ರೇಯಿ ಮೂಗು ಎಳೆದುಕೊಂಡು ಮಿಕ್ಕ ಮೂರೂ ಗುಂಡಿ ಹಾಕಿತು. ಎಲ್ಲ ಸೇರಿ ಹದಿನೈದು ನಿಮಿಷ ಆಗಿರಬಹುದು.

ಅನ್ನಪೂರ್ಣ ಮೇಡಂ ಕನ್ನಡಕ ತೆಗೆದರು. "ಚಾಪೆ ಬಿಟ್ಟು ಎದ್ದವರಿಗೆ ಅಂಕ ಕಳೀಬೇಕು ಅಂತ ರೂಲ್ ಇದೆ. ಎದ್ದು ಹೋದವರನ್ನ ನಾನು ಬೇಕಾದಷ್ಟು ನೋಡಿದೀನಿ. ವಾಪಸ್ ಬಂದು ಪಾಠ ಮುಗಿಸಿದವರನ್ನ ನೋಡಿರ್ಲಿಲ್ಲ," ಎಂದು ಹೇಳಿ ಏನೋ ಬರೆದುಕೊಂಡರು. ಆ ಐವರ ಪಾಠ ಮುಗಿದು ಏಳುವಾಗ ಶ್ರೀದೇವಿ ಮೇಡಂ ಅವರಿಗೆ, "ಇಂಥವಳು ಒಬ್ಬಳಿದ್ರೆ ನಿಮಗೆ ಇಬ್ಬರಿದ್ದ ಹಾಗೆ ಕಣ್ರೀ," ಅಂದರು. ಮನಸಾರೆ ಮೆಚ್ಚಿಕೊಂಡೇ ಅಂದರು. ಆ ಮಾತು ಎಲ್ಲಿ ಹೋಗಿ ಮುಟ್ಟಿತು ಎಂದು ಆ ಹಿರಿಯ ಜೀವಕ್ಕೆ ಏನು ಗೊತ್ತು?

ರುದ್ರಮ್ಮ ಕ್ಯಾರಿಯರು, ಫ್ಲಾಸ್ಕು ಹಿಡಿದುಕೊಂಡು ಕುಂಟುತ್ತ ಬಂದಳು. ಒದ್ದೆ ನೆಲ ನೋಡಿದಳು, ಬಕೆಟ್ಟಿನ ಮೇಲೆ ಹರಡಿದ್ದ ಬಟ್ಟೆ ನೋಡಿದಳು. "ಯಾರು ಒರಸಿದ್ದು?" ಅಂದಳು. ನಾನೇ ಅತ್ತೆ ಅಂದಳು ಶಾಂತಲಾ. ರುದ್ರಮ್ಮ ಆ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಏಪ್ರಿಲ್ ಎರಡನೇ ವಾರ ರಿಸಲ್ಟು ಬಂತು. ಹನ್ನೊಂದು ಜನರಲ್ಲಿ ಶಾಂತಲಾಳೇ ಮೊದಲು. ಓಣಿಯಲ್ಲಿ ಅದೇ ವಾರ ಅಂಬೇಡ್ಕರ್ ಜಯಂತಿ. ಶಾಮಿಯಾನದಲ್ಲಿ ಅವಳನ್ನು ಕರೆದು ಹಾರ ಹಾಕಿ ಮೈಕಿನಲ್ಲಿ ಹೆಸರು ಹೇಳಿದರು. ರುದ್ರಮ್ಮ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಸೋಮವಾರ ಶ್ರೀದೇವಿ ಮೇಡಂ ಅವಳನ್ನು ಆಫೀಸ್ ರೂಮಿಗೆ ಕರೆದರು. ಮೊಟ್ಟಮೊದಲ ಸಲ ಎದುರಿನ ಕುರ್ಚಿ ತೋರಿಸಿ, "ಕೂತ್ಕೊಳಿ ಶಾಂತಲಾ," ಅಂದರು. ಏಳು ವರ್ಷ ನೀನು ಅನ್ನುತ್ತಿದ್ದವರು! ಶಾಂತಲಾ ಕೂರಲು ಹೆದರಿ ತುದಿಯಲ್ಲಿ ಕೂತಳು.

"ಜೂನ್‌ನಿಂದ ಕೆಳಗಡೆ ಕ್ಲಾಸಿಗೆ ನೀವು ಅಸಿಸ್ಟೆಂಟ್ ಟೀಚರ್. ಮಾತು ಕೊಟ್ಟಿದ್ದೆ, ಉಳಿಸ್ಕೊಂಡಿದೀನಿ. ಗೇಟ್ ಹತ್ರ ಬೋರ್ಡಲ್ಲೂ ನಿಮ್ ಹೆಸರು ಬರುತ್ತೆ."

ಶಾಂತಲಾಗೆ ಖುಷಿ ತಡೆಯಲಾಗಲಿಲ್ಲ. ಕೈಮುಗಿದೇಬಿಟ್ಟಳು.

"ಆಮೇಲೆ ಇನ್ನೊಂದ್ ವಿಷ್ಯ," ಅಂದರು ಮೇಡಂ, ಅದೇ ನಗುಮುಖದಲ್ಲಿ. "ಗುಡಿಸಿ ಒರ್ಸೋದಕ್ಕೆ ಜೂನ್‌ನಿಂದ ಏಜೆನ್ಸಿಯವ್ರು ಬೆಳಿಗ್ಗೆ ಒಂದ್ಸಲ ಬಂದು ಹೋಗ್ತಾರೆ. ಇನ್ನು ಮಕ್ಕಳ ಬಾತ್‌ರೂಮು, ಊಟ, ಬಟ್ಟೆ, ಅದೆಲ್ಲ ಕ್ಲಾಸಲ್ಲಿದ್ಕೊಂಡೇ ನೀವು ಮ್ಯಾನೇಜ್ ಮಾಡ್ತೀರ. ಅವತ್ತು ನಾನೇ ಕಣ್ಣಾರೆ ನೋಡಿದ್ನಲ್ಲ, ಎಷ್ಟು ಚೆನ್ನಾಗಿ ಎರಡೂ ನಿಭಾಯಿಸಿದ್ರಿ. ಅನ್ನಪೂರ್ಣ ಮೇಡಮ್ಮೇ ಹೇಳಿದ್ರು. ಮೇಲ್ಗಡೆ ದೊಡ್ ಮಕ್ಳು, ತಾವೇ ಹೋಗಿ ಬರ್ತಾರೆ. ಹಂಗಾಗಿ ರುದ್ರಮ್ಮ ಬೇಕಾಗಲ್ಲ."

ಶಾಂತಲಾ ಕೈಮುಗಿದವಳು ಕೈ ಇಳಿಸುವುದನ್ನೇ ಮರೆತಳು.

"ಮೇಡಂ, ರುದ್ರಮ್ಮತ್ತೆ ಇಲ್ಲಿ ಹದಿನಾರು ವರ್ಷದಿಂದ..."

"ಗೊತ್ತು ಗೊತ್ತು. ಪಾಪ, ಮಂಡಿ ನೋವು ಬೇರೆ. ಇನ್ನೆಷ್ಟ್ ದಿನ ಅಂತ ದುಡೀತಾರೆ? ನೀವೇ ಒಂದ್ ಮಾತು ಹೇಳ್ಬಿಡಿ. ನಿಮ್ಮೋರೇ ಅಲ್ವಾ, ನೀವ್ ಹೇಳಿದ್ರೆ ಬೇಜಾರ್ ಮಾಡ್ಕೊಳಲ್ಲ."

"ಹಂಗಾದ್ರೆ ನಾನು ಆಯಾನೇ ಆಗಿರ್ತೀನಿ ಮೇಡಂ. ಅತ್ತೆನ ಬಿಡಿಸ್ಬೇಡಿ." ಈ ಮಾತು ಅವಳ ಬಾಯಿಂದ ಹೇಗೆ ಬಂತೋ, ಅವಳಿಗೇ ತಿಳಿಯದು. ಎರಡು ವರ್ಷ ಹಲ್ಲು ಕಚ್ಚಿ ಹಿಡಿದುಕೊಂಡಿದ್ದನ್ನು ಒಂದೇ ಉಸಿರಿಗೆ ಬಿಟ್ಟುಕೊಡಲು ತಯಾರಾಗಿದ್ದಳು. ಅದೂ ಉಪಯೋಗಕ್ಕೆ ಬರಲಿಲ್ಲ.

"ಆಯಾ ಪೋಸ್ಟೇ ಇರಲ್ವಲ್ಲ ಶಾಂತಲಾ ಜೂನ್‌ನಿಂದ. ಇದ್ರೆ ಟೀಚರಾಗಿ ಇರಿ. ಬೇಡ ಅಂದ್ರೆ ನಿಮ್ಮಿಷ್ಟ, ಬಲವಂತ ಇಲ್ಲ."

ಬಲವಂತ ಇಲ್ಲವಂತೆ. ಶಾಂತಲಾ ಎದ್ದು, ತನ್ನ ಸರ್ಟಿಫಿಕೇಟ್ ಕೇಳಿದಳು. ಕೋರ್ಸಿನವರು ಅದನ್ನು ಶಾಲೆಯ ವಿಳಾಸಕ್ಕೇ ಕಳಿಸಿದ್ದರು. ಮೇಡಂ ಡ್ರಾಯರಿನಿಂದ ಒಂದು ಜೆರಾಕ್ಸ್ ತೆಗೆದು ಕೊಟ್ಟರು. "ಒರಿಜಿನಲ್ ಬೀರುವಲ್ಲಿದೆ, ನಿಮ್ ಪಿಯುಸಿ ಮಾರ್ಕ್ಸ್ ಕಾರ್ಡ್ ಜೊತೆ. ಎರಡು ವರ್ಷ ಅಲ್ಲೇ ಇರುತ್ತೆ, ಎಲ್ಲಾ ಟೀಚರ್ಸ್‌ದೂ ಅಲ್ಲೇ ಇರೋದು. ಕೋರ್ಸಿಗೆ ಸೇರುವಾಗ ನಾನ್ ಕೊಟ್ಟ ಪೇಪರಿಗೆ ಸೈನ್ ಹಾಕಿದ್ರಲ್ಲ?" ಹಾಕಿದ್ದಳು. ಪುಸ್ತಕ ಹಿಡಿಯುವ ಆಸೆಗೆ ಕಣ್ಣು ಮುಚ್ಚಿ ಸೈನ್ ಹಾಕಿದ್ದಳು.

ಹಾಗಂತ ಕೈಕಟ್ಟಿ ಕೂರುವ ಹೆಣ್ಣಲ್ಲ ಅವಳು. ಮಾರನೇ ದಿನವೇ ರಜೆ ಹಾಕಿ, ಬಸ್ಸು ಹಿಡಿದು ಕೋಣನಕುಂಟೆಗೆ ಹೋದಳು. ಅಲ್ಲೊಂದು ಹೊಸ ಮಾಂಟೆಸರಿ ಶುರುವಾಗಿತ್ತು. ಅಲ್ಲಿ ಟೀಚರಾಗಿ ಸೇರಿಕೊಂಡರೆ, ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ಮೇಡಂ ಅತ್ತೆಯನ್ನು ಉಳಿಸಿಕೊಳ್ಳಲೇಬೇಕಾಗುತ್ತದೆ ಎಂದು ಅವಳ ಲೆಕ್ಕಾಚಾರ. ಅಲ್ಲಿನವರು ಜೆರಾಕ್ಸ್ ನೋಡಿ ಬಹಳ ಮೆಚ್ಚಿಕೊಂಡರು. ಫಸ್ಟ್ ಬಂದಿದೀರ, ಆಯಾ ಆಗಿ ಎಕ್ಸ್‌ಪೀರಿಯನ್ಸೂ ಇದೆ, ನಮಗಂತೂ ಅನುಕೂಲ ಅಂದರು. ಆ ಅನುಕೂಲ ಎಂಥದ್ದೆಂದು ಈ ಸಲ ಅವಳಿಗೂ ಅರ್ಥವಾಯಿತು. ಆದರೂ ಆಗಲಿ ಅಂದಳು.

"ಒರಿಜಿನಲ್ಸ್ ಯಾವಾಗ ತಂದುಕೊಡ್ತೀರ?" ಎಂದು ಕೇಳಿದರು.

"ಅದು ಹಳೇ ಸ್ಕೂಲಲ್ಲಿದೆ ಮೇಡಂ, ಎರಡು ವರ್ಷ ಕೊಡಲ್ವಂತೆ."

"ಅಯ್ಯೋ, ಹಂಗಾದ್ರೆ ಕಷ್ಟ. ನಮ್ಮಲ್ಲೂ ಒರಿಜಿನಲ್ಸ್ ಇಟ್ಕೊಂಡೇ ಸೇರಿಸ್ಕೊಳ್ಳೋದು."

ಬಸ್ ಸ್ಟಾಪಿನಲ್ಲಿ ಅವಳು ಅರ್ಧ ಗಂಟೆ ಸುಮ್ಮನೆ ನಿಂತಿದ್ದಳು. ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ಈ ಬೀರುವಿನಿಂದ ಬಿಡಿಸಿಕೊಂಡರೆ ಆ ಬೀರು. ಆಯಾ ಆಗಿದ್ದಾಗ ಯಾವ ಬೀರುವೂ ಅವಳನ್ನು ಹಿಡಿದಿರಲಿಲ್ಲ, ಬೇಕೆಂದ ದಿನ ಬಿಟ್ಟು ಹೋಗಬಹುದಿತ್ತು. ಓದಿದ್ದಕ್ಕೇ ಈ ಬೇಡಿ ಬಿತ್ತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ರವಿಕುಮಾರನಿಗೆ ಹೇಳಿದಳು. ಎಲ್ಲದಕ್ಕೂ ಹಾಸ್ಯ ಮಾಡುವವನು ಅವತ್ತು ಮಾಡಲಿಲ್ಲ. "ನೀನು ಬಿಟ್ರೂ ಅತ್ತೆ ಉಳಿಯಲ್ಲ. ಇನ್ಯಾವಳನ್ನೋ ಕರೀತಾರೆ, ಅವಳ ಕೈಲೂ ಎರಡೂ ಮಾಡಿಸ್ತಾರೆ," ಅಂದ. ಆಮೇಲೆ, "ನಾನ್ ಹೇಳ್ಲಾ ಅತ್ತೆಗೆ?" ಎಂದು ಕೇಳಿದ. ಬೇಡ, ನಾನೇ ಹೇಳಬೇಕು ಅಂದಳು.

ಹೇಳಬೇಕು ಅಂದುಕೊಂಡೇ ಹನ್ನೆರಡು ದಿನ ಕಳೆಯಿತು. ದಿನಾ ಇಬ್ಬರೂ ಒಟ್ಟಿಗೇ ಶಾಲೆಗೆ ಹೋಗುತ್ತಿದ್ದರು, ಒಟ್ಟಿಗೇ ಬರುತ್ತಿದ್ದರು. ಪ್ರತಿ ಸಲವೂ ಮಾತು ನಾಲಗೆಯ ತುದಿಯವರೆಗೆ ಬಂದು ವಾಪಸು ಹೋಗುತ್ತಿತ್ತು. ಅತ್ತ ಶ್ರೀದೇವಿ ಮೇಡಂ ಎದುರಿಗೆ ಸಿಕ್ಕಾಗಲೆಲ್ಲ, ಹೇಳಿದಿರಾ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದರು. ಶಾಂತಲಾಗೆ ಹಾರ ಹಾಕಿಸಿಕೊಂಡ ಕುತ್ತಿಗೆಯೇ ಭಾರ ಅನ್ನಿಸುತ್ತಿತ್ತು.

ಶಾಲೆಗೆ ಬೇಸಿಗೆ ರಜೆ ಬಿಟ್ಟ ಭಾನುವಾರ ಬೆಳಿಗ್ಗೆ ಕೊನೆಗೂ ಹೋದಳು. ರುದ್ರಮ್ಮ ತನ್ನ ರೂಮಿನ ಮೇಲಿನ ತಾರಸಿಯಲ್ಲಿ ಹಳೇ ಸೀರೆ ಹಾಸಿಕೊಂಡು ಸಂಡಿಗೆ ಇಡುತ್ತಿದ್ದಳು. ಶಾಂತಲಾ ಎದುರು ಕೂತು ತಾನೂ ಹಿಟ್ಟು ತೆಗೆದುಕೊಂಡಳು. ಒಂದು ಸಾಲು ಇಟ್ಟರು, ಎರಡು ಸಾಲು ಇಟ್ಟರು.

"ಅತ್ತೆ, ಜೂನ್‌ನಿಂದ ನೀವು ಬರೋದ್ ಬೇಡ ಅಂದ್ರು ಮೇಡಂ," ಅಂದಳು, ಸಂಡಿಗೆ ನೋಡುತ್ತಲೇ. "ಕೆಳಗಡೆ ಕೆಲ್ಸಾನೂ ನನಗೇ ಹೇಳಿದಾರೆ."

ರುದ್ರಮ್ಮನ ಕೈ ನಿಲ್ಲಲಿಲ್ಲ. ಆ ಸಾಲು ಮುಗಿಸಿದಳು.

"ನೀನು ಅವತ್ತು ಏಳಬಾರ್ದಿತ್ತು," ಅಂದಳು.

"ಮಗು ಅಳ್ತಿತ್ತು ಅತ್ತೆ."

"ಅಳ್ಲಿ. ಅಲ್ಲಿ ಮಿಕ್ಕೋರು ನಾಕ್ ಜನ ಇರ್ಲಿಲ್ವಾ, ಅವ್ರು ಎದ್ರಾ? ಕ್ಯಾರಿಯರ್ ಹಿಡ್ಕೊಂಡು ನಾನು ಓಡೋಡಿ ಬರ್ತಿದ್ದೆ ಕಣೇ. ಐದ್ ನಿಮಿಷ ಕೂತಿರೋಕಾಗ್ಲಿಲ್ವಾ ನಿನಗೆ? ಎಲ್ಲಾ ಕಲ್ತೆ, ಅದೊಂದ್ ಕಲೀಲಿಲ್ಲ. ಒರೆಸಿದ್ ಬಟ್ಟೆ ನೋಡ್ದಾಗ್ಲೇ ನನಗೆ ಗೊತ್ತಾಯ್ತು, ಇದು ಇಲ್ಲಿಗೇ ಬರುತ್ತೆ ಅಂತ." ಮುದುಕಿಯ ದನಿ ಒಡೆಯಿತು. "ಹತ್ತು ತಿಂಗ್ಳು ಮೆಟ್ಲು ಹತ್ತಿದ್ದು ಇದಕ್ಕಾ?"

ಶಾಂತಲಾ ಅತ್ತಳು. ಹಿಟ್ಟಿನ ಕೈಯಲ್ಲಿ ಕಣ್ಣು ಒರೆಸಿಕೊಳ್ಳಲೂ ಆಗದೆ ಅತ್ತಳು. "ನಾನೂ ಬಿಟ್ಬಿಡ್ತೀನಿ ಅತ್ತೆ, ಹಾಳಾಗೋಗ್ಲಿ."

"ಬಿಟ್ಟು? ಇಬ್ರೂ ಇಲ್ಲಿ ಕೂತ್ಕೊಂಡು ಸಂಡಿಗೆ ಇಡೋಣ್ವಾ? ಸುಮ್ನಿರು." ರುದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕೆಳಗೆ ಸೊಪ್ಪಿನವನು ಕೂಗಿಕೊಂಡು ಹೋದ. ಆಮೇಲೆ ಈ ಕಡೆ ತಿರುಗಿ, ಇನ್ಯಾವುದೋ ವಿಷಯ ಅನ್ನುವ ಹಾಗೆ ಶುರುಮಾಡಿದಳು.

"ಕೆಳಗಿನ ಮಕ್ಳು ನಿನಗೆ ಸರ್ಯಾಗಿ ಗೊತ್ತಿಲ್ಲ. ಹೇಳ್ತೀನಿ ಕೇಳಿಸ್ಕೊ. ಕೈಲಾಸ್ ಅನ್ನೋ ಹುಡ್ಗ ಫ್ಲಶ್ ಸದ್ದಿಗೆ ಹೆದರ್ತಾನೆ, ಅವನು ಆಚೆ ಬಂದ್ಮೇಲೆ ನೀರ್ ಬಿಡ್ಬೇಕು. ಮೇಘಶ್ರೀ ಊಟ ಮಾಡ್ದೆ ಡಬ್ಬಿ ಮುಚ್ಚಿಬಿಡ್ತಾಳೆ, ಬೈಬೇಡ, ಅರ್ಧ ರೊಟ್ಟಿ ಕೈಗೆ ಕೊಟ್ಟು ಓಡಾಡೋಕ್ ಬಿಡು, ತಿಂತಾಳೆ. ಆ ಅವಳಿ ಹುಡ್ಗೀರಲ್ಲಿ ಒಬ್ಬಳು ಕೇಳೇ ಕೇಳಲ್ಲ, ಇನ್ನೊಬ್ಬಳು ಬಂದು ಹೇಳ್ತಾಳೆ, ಇವಳಿಗೆ ಸುಸು ಅಂತ. ಹತ್ತೂವರೆಗೆ ಒಂದ್ಸಲ ಎಲ್ರುನ್ನೂ ಕರ್ಕೊಂಡ್ ಹೋದ್ರೆ ಆಮೇಲೆ ಅಷ್ಟು ರಗಳೆ ಇರಲ್ಲ. ಎರಡನೇ ನಲ್ಲಿ ಜಾರುತ್ತೆ, ಬಟ್ಟೆ ಹಾಕಿ ತಿರುಗಿಸ್ಬೇಕು."

ಹೀಗೆ ಹೇಳುತ್ತಲೇ ಹೋದಳು, ಒಂದೊಂದು ಮಗುವನ್ನೂ ಹೆಸರು ಹಿಡಿದು. ಯಾವುದಕ್ಕೆ ಹಾಲು ಆಗದು, ಯಾವುದು ಅಮ್ಮ ಬಿಟ್ಟು ಹೋದಮೇಲೆ ಗೇಟಿನ ಹತ್ತಿರವೇ ನಿಲ್ಲುತ್ತದೆ, ಯಾವುದರ ಕಾಲಿಗೆ ಎಡದ ಶೂ ಬಿಗಿ. ಹದಿನೆಂಟು ಮಕ್ಕಳು. ಶಾಂತಲಾ ಅಳು ನಿಲ್ಲಿಸಿ ಕೇಳಿಸಿಕೊಂಡಳು. ಬಿಸಿಲು ಏರಿತು, ಸಂಡಿಗೆಯ ಹಿಟ್ಟು ಪಾತ್ರೆಯಲ್ಲೇ ಒಣಗತೊಡಗಿತು.

"ಈಗ ನೀನ್ ಹೇಳು ನೋಡೋಣ," ಅಂದಳು ರುದ್ರಮ್ಮ.

ಶಾಂತಲಾ ಹೇಳಿದಳು. ಕೈಲಾಸನಿಂದ ಶುರುಮಾಡಿ ಒಂದು ಮಗುವನ್ನೂ ಬಿಡಲಿಲ್ಲ, ಎಲ್ಲೂ ತಡವರಿಸಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಆ ಶಾಲೆಗೆ ನಿಜವಾಗಿಯೂ ರುದ್ರಮ್ಮ ಬೇಕಾಗಿರಲಿಲ್ಲ.